ಮೋಟಾರು ಕಸಬಿನ ಶಿಷ್ಯನು ಯಾರ ಹೊಣೆ?

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ನಮ್ಮ ನಾಡಿನ ತರುಣರು ಎರಡು ದಾರಿಗಳಾಗಿ ಒಡೆಯುತ್ತಾರೆ. ಒಂದು ದಾರಿಯು ಕಾಲೇಜುಗಳ ಬಾಗಿಲಿಗೆ ಹೋಗುತ್ತದೆ. ಅದನ್ನು ಎಲ್ಲರೂ ಕಾಣುತ್ತಾರೆ. ಅಲ್ಲಿ ಹೊಕ್ಕವರ ಅಂಕಗಳನ್ನೂ ಭಾವಚಿತ್ರಗಳನ್ನೂ ಪತ್ರಿಕೆಗಳು ಅಚ್ಚುಹಾಕುತ್ತವೆ. ಇನ್ನೊಂದು ದಾರಿಯು ಸದ್ದಿಲ್ಲದೆ ಕೈಕಸಬುಗಳ ಕಡೆಗೆ ತಿರುಗುತ್ತದೆ. ಅದರಲ್ಲಿ ಸಾಗುವವರ ಒಂದು ದೊಡ್ಡ ಪಾಲು ಸೇರುವುದು ಮೋಟಾರು ರಿಪೇರಿಯ ಅಂಗಡಿಗಳಿಗೆ. ಇವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಹೆದ್ದಾರಿಯ ಅಂಚಿನಲ್ಲಿಯೂ ಪೇಟೆಯ ಹಿಂಬೀದಿಯಲ್ಲಿಯೂ ಎಣ್ಣೆ ಹತ್ತಿದ ಅಂಗಿಯನ್ನು ತೊಟ್ಟು, ಯಾರೋ ಕೂಗಿದ ಸ್ಪ್ಯಾನರನ್ನು ಓಡಿ ತಂದುಕೊಡುವ ಹುಡುಗನನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಅವನು ವಿದ್ಯಾರ್ಥಿಯೋ, ಕೂಲಿಯಾಳೋ? ಅವನಿಗೆ ಕಲಿಸುವ ಹೊಣೆ ಯಾರದು? ಕೈ ನಜ್ಜಾದರೆ ಕೇಳುವವರು ಯಾರು? ಮೂರು ವರ್ಷಗಳ ಮೇಲೆ ಅವನು ಏನನ್ನು ಬಲ್ಲನೆಂಬುದಕ್ಕೆ ಸಾಕ್ಷಿ ಯಾವುದು? ಈ ಪ್ರಶ್ನೆಗಳನ್ನು ವಾಚಕರ ಮುಂದೆಯೂ ಅಧಿಕಾರಸ್ಥರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಇದು ಬಡ ಹುಡುಗರ ಸಮಾಚಾರ, ನಮಗೇನು ಎಂದು ಯಾರಾದರೂ ಎಣಿಸಿದರೆ ಅವರು ತಪ್ಪು ತಿಳಿದಂತಾಯಿತು. ಆಗುಂಬೆಯ ಇಳಿಜಾರಿನಲ್ಲಿಯೋ ಚಾರ್ಮಾಡಿಯ ತಿರುವಿನಲ್ಲಿಯೋ ನಾವು ಹೆಂಡಿರು ಮಕ್ಕಳೊಡನೆ ಇಳಿಯುವಾಗ ನಮ್ಮ ಜೀವವು ಬ್ರೇಕಿನ ಮೇಲೆ ನಿಂತಿರುತ್ತದೆ. ಬ್ರೇಕಿನ ದ್ರವವು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುವಂಥದು. ತೇವ ಹೆಚ್ಚಿದಷ್ಟೂ ಅದು ಕಡಿಮೆ ಶಾಖಕ್ಕೇ ಕುದಿಯತೊಡಗುತ್ತದೆ. ಘಟ್ಟದಲ್ಲಿ ಬ್ರೇಕನ್ನು ಒತ್ತಿ ಒತ್ತಿ ಕಾಯಿಸಿದಾಗ ಕೊಳವೆಯೊಳಗೆ ಆವಿ ಕಟ್ಟಿ, ಪೆಡಲು ನೆಲಕ್ಕೆ ಕುಸಿಯುತ್ತದೆ. ದ್ರವವನ್ನು ಕಾಲಕಾಲಕ್ಕೆ ಬದಲಾಯಿಸತಕ್ಕದ್ದೆಂಬುದನ್ನು ಆ ಹುಡುಗನಿಗೆ ಯಾರಾದರೂ ಕಾರಣಸಹಿತವಾಗಿ ಹೇಳಿಕೊಟ್ಟಿದ್ದರೆ ನಾವು ಬದುಕಿದೆವು. ಹೇಳಿಕೊಡದಿದ್ದರೆ ದೇವರೇ ಗತಿ. ಅವನ ವಿದ್ಯಾಭ್ಯಾಸವು ನಮ್ಮ ಪ್ರಾಣದ ಪ್ರಶ್ನೆಯೂ ಆಗಿದೆ.

ಮೋಟಾರು ಉದ್ಯಮಕ್ಕೂ ನಮ್ಮ ನಾಡಿಗೂ ಇರುವ ನಂಟು ಹಳೆಯದು. ಈ ದೇಶದಲ್ಲಿಯೇ ಮೋಟಾರುಗಳನ್ನು ತಯಾರಿಸಬೇಕೆಂದು 1930ರ ದಶಕದಲ್ಲಿ ಪಟ್ಟುಹಿಡಿದು ಯೋಜನೆಯನ್ನು ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅಂದಿನ ಪರದೇಶೀ ಸರ್ಕಾರವು ಅದಕ್ಕೆ ಒಲವು ತೋರಲಿಲ್ಲ. ಆ ಯೋಜನೆಯಲ್ಲಿ ಅವರೊಡನೆ ಕೂಡಿದ್ದ ವಾಲ್ಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದರು. ಮೋಟಾರಿನ ಕಾರ್ಖಾನೆಯು 1944ರಲ್ಲಿ ಮುಂಬಯಿಯ ಪಾಲಾಯಿತು. ಆದರೆ ವಿಶ್ವೇಶ್ವರಯ್ಯನವರು ಕಾರ್ಖಾನೆಯೊಂದನ್ನೇ ಚಿಂತಿಸಿದವರಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ತರುಣರಿಗೆ ಕೈಕಸಬುಗಳನ್ನು ಕಲಿಸುವ ಶಾಲೆಯೊಂದನ್ನು ಅದರಿಂದ ಬೆಂಗಳೂರಿನಲ್ಲಿ ಕಟ್ಟಿಸಿದರು. ಅದಕ್ಕೆ ಬಂದುದು ಅವರ ಹೆಸರಲ್ಲ, ಶ್ರೀ ಜಯಚಾಮರಾಜೇಂದ್ರರ ಹೆಸರು. ಯಂತ್ರವನ್ನು ತಂದರೆ ಸಾಲದು, ಯಂತ್ರದ ಗುಣವನ್ನು ಬಲ್ಲ ಕೈಗಳೂ ಬೇಕೆಂಬ ತತ್ತ್ವವು ಆ ದಾನದಲ್ಲಿ ಅಡಗಿತ್ತು. ಇಂದು ದೇಶದಲ್ಲಿ ಮೋಟಾರುಗಳಿಗೆ ಕೊರತೆಯಿಲ್ಲ. ಆ ತತ್ತ್ವವು ಮಾತ್ರ ಅರ್ಧಕ್ಕೇ ನಿಂತಿದೆ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1961ರಲ್ಲಿಯೇ ಅಪ್ರೆಂಟಿಸರ ಕಾಯಿದೆಯು ಹುಟ್ಟಿತು. ಸರ್ಕಾರದ ಕಾಗದಗಳಲ್ಲಿ ಇವರಿಗೆ ‘ಶಿಶಿಕ್ಷು’ ಎಂಬ ಸಂಸ್ಕೃತದ ಹೆಸರೂ ಇದೆ. ಕಲಿಯಲು ಬಯಸುವವನು ಎಂದು ಅದರ ಭಾವ. ಆ ಕಾಯಿದೆಯ ಅಂಶಗಳನ್ನು ಒಮ್ಮೆ ಓದಿದರೆ ಅದನ್ನು ಬರೆದವರ ಸದ್ಭಾವವು ಎದ್ದುಕಾಣುತ್ತದೆ. ಮಾಲೀಕನಿಗೂ ಶಿಷ್ಯನಿಗೂ ನಡುವೆ ಲಿಖಿತವಾದ ಕರಾರು ಇರಬೇಕು. ಶಿಷ್ಯನು ಪ್ರಾಪ್ತವಯಸ್ಕನಲ್ಲದಿದ್ದರೆ ಪೋಷಕನು ಅದಕ್ಕೆ ರುಜು ಹಾಕಬೇಕು. ಕರಾರು ಸರ್ಕಾರದಲ್ಲಿ ದಾಖಲಾಗಬೇಕು. ಅವನಿಗೆ ತಿಂಗಳು ತಿಂಗಳು ಶಿಷ್ಯವೇತನ ಸಲ್ಲಬೇಕು. ಮಾಡಿದ ತುಂಡು ಕೆಲಸಗಳನ್ನು ಎಣಿಸಿ ಅವನಿಗೆ ಹಣ ಕೊಡಕೂಡದು. ಕೆಲಸದಲ್ಲಿ ಗಾಯವಾದರೆ ಪರಿಹಾರವು ಮಾಲೀಕನ ಹೊಣೆ. ಅವಧಿ ಮುಗಿದಾಗ ಪರೀಕ್ಷೆ, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪ್ರಮಾಣಪತ್ರ. ತುಂಡು ಕೆಲಸದ ನಿಷೇಧವಂತೂ ಬಹಳ ವಿವೇಕದ ಮಾತು. ದಿನಕ್ಕೆ ಹತ್ತು ಪಂಕ್ಚರು ಹಾಕಿದ ಹುಡುಗನಿಗೆ ಹತ್ತರ ಹಣವನ್ನು ಕೊಟ್ಟರೆ ಅವನು ವರ್ಷವಿಡೀ ಪಂಕ್ಚರನ್ನೇ ಹಾಕುತ್ತಾನೆಯೇ ಹೊರತು ಇಂಜಿನ್ನಿನ ಹತ್ತಿರ ಸುಳಿಯುವುದಿಲ್ಲ. ಕಲಿಕೆಗೆ ನಿಧಾನ ಬೇಕು, ಎಡವುವುದಕ್ಕೆ ಅವಕಾಶ ಬೇಕು. ತುಂಡು ಲೆಕ್ಕವು ಇವೆರಡನ್ನೂ ಕಸಿದುಕೊಳ್ಳುತ್ತದೆ.

ಈ ಕಸಬನ್ನು ಸಕ್ರಮವಾಗಿ ಪ್ರವೇಶಿಸುವ ಬಾಗಿಲುಗಳು ಮುಖ್ಯವಾಗಿ ಎರಡು. ಹತ್ತನೆಯ ತರಗತಿಯನ್ನು ಮುಗಿಸಿದವನು ಐ.ಟಿ.ಐ.ಯಲ್ಲಿ ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎಂಬ 2 ವರ್ಷದ ಪಾಠಕ್ರಮವನ್ನಾಗಲಿ, ಡೀಸೆಲ್ ಮೆಕ್ಯಾನಿಕ್ಕಿನ 1 ವರ್ಷದ ಪಾಠಕ್ರಮವನ್ನಾಗಲಿ ಓದಿ, ಆ ಮೇಲೆ ಕಾರ್ಯಾಗಾರವೊಂದರಲ್ಲಿ ಅಪ್ರೆಂಟಿಸಾಗುವುದು ಮೊದಲನೆಯದು. ಶಾಲೆಯಿಂದ ನೇರವಾಗಿ ಅಪ್ರೆಂಟಿಸಾಗಿ ಸೇರಿ, ಮೊದಲು ಮೂಲಪಾಠವನ್ನೂ ಅನಂತರ ಕೆಲಸವನ್ನೂ ಕಲಿಯುವುದು ಎರಡನೆಯದು. ಇವಲ್ಲದೆ ಕೆಲವು ಕಾರ್ಖಾನೆಗಳು ತಮ್ಮ ಶಾಲೆಗಳನ್ನು ತಾವೇ ನಡೆಸುತ್ತಿವೆ. ಬಿಡದಿಯಲ್ಲಿ ಟೊಯೋಟಾದವರು 2007ರಲ್ಲಿ ತೆರೆದ ತಾಂತ್ರಿಕ ಶಾಲೆಯು ಹಳ್ಳಿಯ ಹುಡುಗರನ್ನು ಹತ್ತನೆಯ ತರಗತಿಯಾದ ಮೇಲೆ ತೆಗೆದುಕೊಂಡು ಮೂರು ವರ್ಷ ವಸತಿಯೊಡನೆ ಕಲಿಸುತ್ತದೆ. ಬೆಂಗಳೂರಿನಲ್ಲಿ ಹಿಂದೆ ಮೈಕೋ ಎಂದು ಹೆಸರಾದ ಕಾರ್ಖಾನೆಯ ಅಪ್ರೆಂಟಿಸರ ಕೈಚಳಕವು ದೇಶದಲ್ಲೆಲ್ಲ ಕೀರ್ತಿ ಪಡೆದಿದೆ. ರಾಜ್ಯದ ರಸ್ತೆ ಸಾರಿಗೆಯ ನಾಲ್ಕು ನಿಗಮಗಳೂ ತಮ್ಮ ಡಿಪೋಗಳಲ್ಲಿ ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತವೆ. ಇಂಥ ಬಾಗಿಲನ್ನು ಹೊಕ್ಕ ಹುಡುಗನು ಭಾಗ್ಯಶಾಲಿ.

ಶಿಷ್ಯವೇತನದ ಮಾತನ್ನೂ ವಾಚಕರು ತಿಳಿದಿರಬೇಕು. 2019ರ ನಿಯಮಗಳು ಗೊತ್ತುಪಡಿಸಿದ ಕನಿಷ್ಠ ಮೊತ್ತವು ಐದರಿಂದ ಒಂಬತ್ತನೆಯ ತರಗತಿಯ ವರೆಗೆ ಓದಿದವನಿಗೆ ತಿಂಗಳಿಗೆ 5,000 ರೂಪಾಯಿ, ಹತ್ತನೆಯ ತರಗತಿಯಾದವನಿಗೆ 6,000, ಐ.ಟಿ.ಐ. ಮುಗಿಸಿದವನಿಗೆ 7,000. ಎರಡನೆಯ ವರ್ಷ ಶೇಕಡಾ 10ರಷ್ಟೂ ಮೂರನೆಯ ವರ್ಷ ಶೇಕಡಾ 15ರಷ್ಟೂ ಅದು ಏರಬೇಕು. 2016ರ ಆಗಸ್ಟಿನಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯ ಮೇರೆಗೆ ಈ ವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಗೆ ಮೀರದಂತೆ, ಕೇಂದ್ರ ಸರ್ಕಾರವು ಹೊರುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್ ಮಂಡಳಿಯು 5,000ದಿಂದ 9,000 ರೂಪಾಯಿಗಳಿದ್ದ ಮೊತ್ತಗಳನ್ನು ಶೇಕಡಾ 36ರಷ್ಟು ಹೆಚ್ಚಿಸಿ 6,800ರಿಂದ 12,300ಕ್ಕೆ ಏರಿಸಬೇಕೆಂದು ಶಿಫಾರಸು ಮಾಡಿತು. ಬೆಲೆಗಳು ಏರಿರುವ ಕಾಲದಲ್ಲಿ ಇದು ನ್ಯಾಯವಾದ ಶಿಫಾರಸೇ ಸರಿ. ಪರ ಊರಿಗೆ ಬಂದು ಬಾಡಿಗೆಯ ಕೋಣೆಯಲ್ಲಿರುವ ಹುಡುಗನಿಗೆ ಆರು ಸಾವಿರವು ಊಟಕ್ಕೂ ಬಸ್ಸಿಗೂ ಸಾಲುವುದು ಕಷ್ಟ.

ಹಾಗಾದರೆ ಕೊರತೆ ಎಲ್ಲಿದೆ? ಕಾಯಿದೆಯ ದೃಷ್ಟಿ ಎಲ್ಲಿಯ ವರೆಗೆ ಹೋಗುತ್ತದೆಂಬುದರಲ್ಲಿದೆ. 2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರು ದುಡಿಯುವ ಸಂಸ್ಥೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. ಒಟ್ಟು ಜನಬಲದ ಶೇಕಡಾ 2.5ರಿಂದ 15ರ ವರೆಗೆ ಅವರಿರಬಹುದು. 4ರಿಂದ 29 ಜನರಿದ್ದರೆ ಅದು ಮಾಲೀಕನ ಇಚ್ಛೆ. ನಾಲ್ವರಿಗಿಂತ ಕಡಿಮೆಯಿದ್ದರೆ ಆ ಅಂಗಡಿಗೆ ಈ ಕಾಯಿದೆಯಲ್ಲಿ ಸ್ಥಾನವೇ ಇಲ್ಲ. ಈಗ ವಾಚಕರು ತಮ್ಮ ತಮ್ಮ ಊರಿನ ಗ್ಯಾರೇಜುಗಳನ್ನು ಮನಸ್ಸಿಗೆ ತಂದುಕೊಳ್ಳಲಿ. ಒಬ್ಬ ಉಸ್ತಾದ, ಅವನ ತಮ್ಮನೋ ಅಳಿಯನೋ ಒಬ್ಬ, ಇಬ್ಬರು ಹುಡುಗರು: ಇದೇ ಅಲ್ಲವೆ ನಮ್ಮ ಗ್ಯಾರೇಜಿನ ಸ್ವರೂಪ? ನಾಡಿನ ಮೋಟಾರು ಕಸಬು ನಿಜವಾಗಿ ಕಲಿಸಲ್ಪಡುವುದು ಇಲ್ಲಿ. ಕಾಯಿದೆಯು ದೊಡ್ಡ ಷೋರೂಮುಗಳ ಗಾಜಿನ ಬಾಗಿಲಿನ ವರೆಗೆ ನಡೆದುಬಂದು, ಅಲ್ಲಿಯೇ ನಿಂತು, ಎದುರಿನ ತಗಡಿನ ಚಪ್ಪರವನ್ನು ಕಾಣದಂತೆ ಮುಖ ತಿರುಗಿಸುತ್ತದೆ. ಚಪ್ಪರದೊಳಗಿನ ಹುಡುಗನಿಗೆ ಕರಾರಿಲ್ಲ, ಗೊತ್ತಾದ ವೇತನವಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ.

ಕಡ್ಡಾಯವಿರುವ ಕಡೆಯಲ್ಲಾದರೂ ಕಾನೂನಿನ ಬಿಗಿ ಹೇಗಿದೆ? 2014ರ ತಿದ್ದುಪಡಿಯು ಸೆರೆವಾಸದ ಶಿಕ್ಷೆಯನ್ನು ತೆಗೆದುಹಾಕಿತು. ಅಪ್ರೆಂಟಿಸರ ಸ್ಥಾನವನ್ನು ತುಂಬದ ಮಾಲೀಕನಿಗೆ ಒಂದೊಂದು ಸ್ಥಾನಕ್ಕೆ ತಿಂಗಳಿಗೆ ಮೊದಲ ಮೂರು ತಿಂಗಳು 500 ರೂಪಾಯಿ, ಆ ಮೇಲೆ 1,000 ರೂಪಾಯಿ ದಂಡವೆಂದು ಅದು ವಿಧಿಸಿತು. ಸೆರೆಮನೆಯ ಭಯದಿಂದ ವಿದ್ಯೆ ಬೆಳೆಯದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಹುಡುಗನನ್ನು ಇಟ್ಟುಕೊಂಡರೆ ತಿಂಗಳಿಗೆ ಆರು ಸಾವಿರ ಖರ್ಚು, ಇಟ್ಟುಕೊಳ್ಳದಿದ್ದರೆ ಸಾವಿರ ರೂಪಾಯಿ ದಂಡ ಎಂದಾಗ ಲೆಕ್ಕ ಬಲ್ಲ ವ್ಯಾಪಾರಿಯು ಯಾವುದನ್ನು ಆರಿಸುವನು? ದಂಡವು ಕರ್ತವ್ಯಕ್ಕಿಂತ ಅಗ್ಗವಾದರೆ ಅದು ದಂಡವಲ್ಲ, ಬಿಡುಗಡೆಯ ಚೀಟಿ.

ಈ ಮಾತುಗಳಿಂದ ನಾವು ಗ್ಯಾರೇಜಿನ ಉಸ್ತಾದರನ್ನು ನಿಂದಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅವರ ಋಣವು ಈ ನಾಡಿನ ಮೇಲೆ ಬಹಳವಿದೆ. ಬಿಡಿಭಾಗಗಳು ಸಿಗದಿದ್ದ ಕಾಲದಲ್ಲಿ ಹಳೆಯ ಲಾರಿಗಳನ್ನು ಅವರು ತಮ್ಮ ಬುದ್ಧಿಯಿಂದಲೇ ಓಡಿಸಿದರು. ಯಾವ ಸರ್ಕಾರವೂ ಅವರಿಗೆ ಕಾಸು ಕೊಡಲಿಲ್ಲ. ಆದರೂ ತಾವು ಕಲಿತದ್ದನ್ನು ಜಾತಿ ಮತವೆನ್ನದೆ ಬಂದ ಹುಡುಗರಿಗೆ ಧಾರೆಯೆರೆದರು. ಕಾಲೇಜು ಮುಚ್ಚಿದ ಬಾಗಿಲನ್ನು ಎಷ್ಟೋ ಬಡವರ ಮಕ್ಕಳಿಗೆ ತೆರೆದವನು ಉಸ್ತಾದನೇ. ಇಂಜಿನ್ನಿನ ಸದ್ದನ್ನು ಕೇಳಿ ರೋಗವನ್ನು ಹೇಳುವ ಅವನ ಕಿವಿಯು ನಾಡಿಯನ್ನು ಹಿಡಿದು ಹೇಳುವ ವೈದ್ಯನ ಬೆರಳಿಗೆ ಸಮಾನವಾದುದು.

ಆದರೆ ಯಂತ್ರವೇ ಬದಲಾಗಿಹೋಗಿದೆ. ಈ ಬದಲಾವಣೆಯು ಎಷ್ಟು ದೊಡ್ಡದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಸುತ್ತೇವೆ. ಹಳೆಯ ಡೀಸೆಲ್ ಇಂಜಿನ್ನು ತಪ್ಪಿ ಹೊಡೆಯುತ್ತಿದ್ದರೆ, ಅದು ಓಡುತ್ತಿರುವಾಗಲೇ ಇಂಜೆಕ್ಟರಿನ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಕಿವಿಗೊಡುವುದು ಉಸ್ತಾದರ ಪದ್ಧತಿ. ಸಡಿಲಿಸಿದಾಗ ಸದ್ದು ಬದಲಾದರೆ ಆ ಸಿಲಿಂಡರು ಕೆಲಸ ಮಾಡುತ್ತಿತ್ತೆಂದೂ, ಬದಲಾಗದಿದ್ದರೆ ದೋಷವಿರುವುದು ಅದರಲ್ಲಿಯೇ ಎಂದೂ ಅವರು ನಿರ್ಣಯಿಸುತ್ತಿದ್ದರು. ಸರಳವಾದ, ಖರ್ಚಿಲ್ಲದ, ಸರಿಯಾದ ಪರೀಕ್ಷೆ. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಅದೇ ಪೈಪಿನೊಳಗಿನ ಎಣ್ಣೆಯ ಒತ್ತಡವು 1,600 ಬಾರನ್ನೂ ಮೀರಬಹುದು. ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡವು ಸುಮಾರು 2 ಬಾರ್ ಎಂದು ನೆನೆದರೆ ಇದರ ಭೀಕರತೆ ತಿಳಿದೀತು. ಆ ನಟ್ಟನ್ನು ಸಡಿಲಿಸಿದರೆ ಕೂದಲಿನಷ್ಟು ಸಣ್ಣಗೆ ಚಿಮ್ಮುವ ಎಣ್ಣೆಯು ಚರ್ಮವನ್ನು ಸೀಳಿ ಮಾಂಸದೊಳಕ್ಕೆ ಹೊಕ್ಕು ಕೈಯನ್ನೇ ಕಳೆದೀತು. ಗುರುವು ಪ್ರೀತಿಯಿಂದ ಕಲಿಸಿದ ವಿದ್ಯೆಯೇ ಶಿಷ್ಯನಿಗೆ ಅಪಾಯಕರವಾಗುವ ಕಾಲವು ಬಂದಿದೆ. ಇದರಲ್ಲಿ ಗುರುವಿನ ತಪ್ಪೇನೂ ಇಲ್ಲ. ಹೊಸದನ್ನು ಗುರುವಿಗೆ ಕಲಿಸುವ ಏರ್ಪಾಡನ್ನು ನಾವು ಮಾಡಿಲ್ಲ.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆಯ ನಿಯಮವು ದೇಶಕ್ಕೆಲ್ಲ ಜಾರಿಗೆ ಬಂದಿತು. ಅದರೊಡನೆ ಮೋಟಾರು ಸೈಕಲ್ಲುಗಳಿಗೂ ಕಾರ್ಬುರೇಟರು ಹೋಗಿ ಗಣಕದ ಆಜ್ಞೆಯಂತೆ ಪೆಟ್ರೋಲನ್ನು ಚಿಮ್ಮಿಸುವ ಏರ್ಪಾಡು ಬಂದಿತು. ಸ್ಕ್ರೂಡ್ರೈವರಿನಿಂದ ತಿರುಗಿಸಿ ಸರಿಪಡಿಸುತ್ತಿದ್ದ ಜಾಗದಲ್ಲಿ ಈಗ ಸ್ಕ್ಯಾನರನ್ನು ಜೋಡಿಸಿ ದೋಷದ ಸಂಕೇತವನ್ನು ಓದಬೇಕು. ಓದಿದರೆ ಸಾಲದು, ಸಂಕೇತವು ತೋರಿಸುವ ಭಾಗವೇ ಕೆಟ್ಟಿದೆಯೋ, ಅದಕ್ಕೆ ಹೋಗುವ ತಂತಿ ಕೆಟ್ಟಿದೆಯೋ ಎಂಬುದನ್ನು ಮಲ್ಟಿಮೀಟರಿನಿಂದ ಅಳೆದು ನೋಡಬೇಕು. ಹಾಗೆ ನೋಡಲು ಬಾರದವನು ಒಂದಾದ ಮೇಲೊಂದು ಭಾಗವನ್ನು ಬದಲಿಸುತ್ತ ಹೋಗುತ್ತಾನೆ. ಗಿರಾಕಿಯ ಹಣ ಹೋಗುತ್ತದೆ, ರೋಗ ಉಳಿಯುತ್ತದೆ.

ವಿದ್ಯುತ್ ವಾಹನಗಳ ಮಾತು ಇನ್ನೂ ಗಂಭೀರವಾದುದು. ನಮ್ಮ ಬೆಂಗಳೂರು ಈ ವಿಷಯದಲ್ಲಿ ದೇಶಕ್ಕೆ ಮುಂದಾಳು. ರೇವಾ ಎಂಬ ವಿದ್ಯುತ್ ಕಾರು 2001ರಲ್ಲಿ ಇಲ್ಲಿಂದಲೇ ಹೊರಟಿತು. ವಿದ್ಯುತ್ ವಾಹನಗಳಿಗೆಂದೇ ರಾಜ್ಯನೀತಿಯನ್ನು 2017ರಲ್ಲಿ ಎಲ್ಲರಿಗಿಂತ ಮೊದಲು ಪ್ರಕಟಿಸಿದುದೂ ಕರ್ನಾಟಕವೇ. ಈಗಿನ ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ 300 ವೋಲ್ಟಿಗೂ ಮೀರಿದ ಬಲವಿರುವುದು ಸಾಮಾನ್ಯ. ಕಿತ್ತಳೆ ಬಣ್ಣದ ತಂತಿಯನ್ನು ಕಂಡರೆ ಕೈ ಹಿಂದಕ್ಕೆ ಸರಿಯಬೇಕು. ಬ್ಯಾಟರಿಯ ಸಂಪರ್ಕವನ್ನು ಕಡಿದ ಮೇಲೂ ಒಳಗೆ ಉಳಿದ ವಿದ್ಯುತ್ತು ಇಳಿಯಲು ಗೊತ್ತಾದ ಹೊತ್ತು ಕಾಯಬೇಕು. ರಬ್ಬರಿನ ಕೈಚೀಲವನ್ನು ಧರಿಸಿ, ವೋಲ್ಟೇಜು ಇಲ್ಲವೆಂಬುದನ್ನು ಅಳೆದು ನೋಡಿಯೇ ಮುಟ್ಟಬೇಕು. ಇದು ಕಿವಿಯಿಂದ ಕೇಳಿ ಕಲಿಯುವ ವಿದ್ಯೆಯಲ್ಲ. ಇಲ್ಲಿ ಸದ್ದೂ ಇಲ್ಲ, ಹೊಗೆಯೂ ಇಲ್ಲ, ಎಚ್ಚರಿಕೆಯ ವಾಸನೆಯೂ ಇಲ್ಲ. ಒಮ್ಮೆ ತಪ್ಪಿದರೆ ಎರಡನೆಯ ಪಾಠಕ್ಕೆ ಶಿಷ್ಯನಿರುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯು ಈ ಕಸಬಿಗೆ ಒಗ್ಗುವುದಿಲ್ಲ.

ಅನ್ಯದೇಶಗಳಲ್ಲಿ ಈ ಬದಲಾವಣೆಯನ್ನು ಎದುರಿಸಿದ ಬಗೆ ಹೇಗೆ? ಜರ್ಮನಿಯ ನಿದರ್ಶನವನ್ನು ನೋಡಬಹುದು. ಮೋಟಾರಿನ ಯಂತ್ರಗಾರ, ಮೋಟಾರಿನ ವಿದ್ಯುತ್ಕಾರ ಎಂದು ಅಲ್ಲಿ ಹಿಂದೆ ಬೇರೆಬೇರೆ ಕಸಬುಗಳಿದ್ದವು. ಯಂತ್ರವೂ ವಿದ್ಯುತ್ತೂ ಬೇರ್ಪಡಿಸಲಾಗದಂತೆ ಬೆರೆತುದನ್ನು ಕಂಡು 2003ರಲ್ಲಿ ಅವುಗಳನ್ನು ಕೂಡಿಸಿ ಮೂರೂವರೆ ವರ್ಷದ ಒಂದೇ ಶಿಷ್ಯವೃತ್ತಿಯನ್ನಾಗಿ ಮಾಡಿದರು. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಾರ್ಯಾಗಾರ. ಕಲಿಸುವವನು ತಾನು ಕಲಿಸಬಲ್ಲೆನೆಂದು ಮೊದಲು ಪರೀಕ್ಷೆಯಲ್ಲಿ ತೋರಿಸಬೇಕು. ಸಣ್ಣ ಕಾರ್ಯಾಗಾರಗಳೂ ಈ ಏರ್ಪಾಡಿನ ಹೊರಗಿಲ್ಲ. ಅಲ್ಲಿಯ ಹವೆ ಬೇರೆ, ಹಣ ಬೇರೆ, ನಮ್ಮದು ಬೇರೆ. ಎಲ್ಲವನ್ನೂ ಹಾಗೆಯೇ ತಂದು ನೆಡಬೇಕೆಂದು ನಾವು ಹೇಳುವುದಿಲ್ಲ. ಗುರುವಿಗೂ ಪರೀಕ್ಷೆ, ಚಿಕ್ಕ ಅಂಗಡಿಗೂ ಹೊಣೆ ಎಂಬ ಎರಡು ತತ್ತ್ವಗಳಂತೂ ಯಾವ ಹವೆಯಲ್ಲಿಯೂ ಬೆಳೆಯತಕ್ಕವು.

ಮಾಲೀಕರ ಆಕ್ಷೇಪಣೆಗಳು ನಮಗೆ ತಿಳಿಯದವಲ್ಲ. ಪತ್ರಿಕೆಯನ್ನೂ ಮುದ್ರಣಾಲಯವನ್ನೂ ನಡೆಸುವ ನಾವೂ ಮಾಲೀಕರ ಗುಂಪಿನವರೇ. ಹುಡುಗನು ಕಲಿಯುವ ತನಕ ನಮ್ಮಲ್ಲಿರುತ್ತಾನೆ, ಕಲಿತ ಮಾರನೆಯ ದಿನ ಎದುರಂಗಡಿಗೆ ಹೋಗುತ್ತಾನೆ ಎಂಬುದು ಅವರ ಮೊದಲನೆಯ ದೂರು. ಕಾರಣವಿಲ್ಲದೆ ಕರಾರನ್ನು ಮುರಿದ ಶಿಷ್ಯನಿಂದ ತರಬೇತಿಯ ವೆಚ್ಚವನ್ನು ಮಾಲೀಕನು ಹಿಂದಕ್ಕೆ ಪಡೆಯಲು ಕಾಯಿದೆಯಲ್ಲಿಯೇ ದಾರಿಯಿದೆ. ಆದರೆ ಕರಾರೇ ಇಲ್ಲದವನು ಯಾವುದನ್ನು ಹಿಡಿದು ಕೇಳಿಯಾನು? ಕರಾರು ಹುಡುಗನನ್ನು ಕಾಯುವಷ್ಟೇ ಮಾಲೀಕನನ್ನೂ ಕಾಯುತ್ತದೆ. ಸಣ್ಣ ಗ್ಯಾರೇಜಿಗೆ ತಿಂಗಳಿಗೆ ಆರು ಸಾವಿರ ಭಾರ ಎಂಬುದು ಎರಡನೆಯ ದೂರು. ಇದು ನಿಜ. ಆದುದರಿಂದಲೇ ಸರ್ಕಾರದ ಕಾಲುಭಾಗದ ನೆರವು ಷೋರೂಮಿಗೆ ಸಿಕ್ಕಂತೆ ಚಪ್ಪರಕ್ಕೂ ಸಿಗಬೇಕೆಂದು ನಾವು ವಾದಿಸುತ್ತೇವೆ. ನೆರವಿನ ಅಗತ್ಯ ಹೆಚ್ಚಾಗಿರುವವನೇ ನೆರವಿನ ಹೊರಗೆ ಉಳಿದಿರುವುದು ಎಲ್ಲಿಯ ನ್ಯಾಯ?

ಇದಕ್ಕೆ ದಾರಿಯು ನಮ್ಮ ನೆಲದಲ್ಲಿಯೇ ಇದೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿದರು. ಒಬ್ಬೊಬ್ಬನಾಗಿ ಸಾಲ ಹುಟ್ಟದ ರೈತನಿಗೆ ಕೂಡಿದಾಗ ಸಾಲ ಹುಟ್ಟಿತು. ಒಬ್ಬೊಬ್ಬನಾಗಿ ಕಾಯಿದೆಯ ಕಣ್ಣಿಗೆ ಬೀಳದ ಉಸ್ತಾದನು ಕೂಡಿದಾಗ ಏತಕ್ಕೆ ಬೀಳಬಾರದು? ಒಂದು ಬೀದಿಯ ಹತ್ತು ಗ್ಯಾರೇಜುಗಳು ಸಂಘವಾಗಿ ನಿಂತರೆ ಹುಡುಗನು ಒಬ್ಬರಲ್ಲಿ ಇಂಜಿನ್ನನ್ನೂ, ಇನ್ನೊಬ್ಬರಲ್ಲಿ ವಿದ್ಯುತ್ತಿನ ಕೆಲಸವನ್ನೂ, ಮತ್ತೊಬ್ಬರಲ್ಲಿ ಬ್ರೇಕು ಸಸ್ಪೆನ್ಷನ್ನುಗಳನ್ನೂ ಕಲಿಯಬಹುದು. ಹಲವು ಮಾಲೀಕರು ಕೂಡಿ ಅಪ್ರೆಂಟಿಸರನ್ನು ಒಬ್ಬರಿಂದೊಬ್ಬರಲ್ಲಿಗೆ ಕಳಿಸಿ ಕಲಿಸಬಹುದೆಂಬ ಮಾತು 1961ರ ಕಾಯಿದೆಯಲ್ಲಿಯೇ ಇದೆ. ಅಂಥ ಸಂಘವನ್ನು ಒಂದೇ ಸಂಸ್ಥೆಯೆಂದು ಎಣಿಸುವ ನಿಯಮವೊಂದು ಬಂದರೆ ನಾಲ್ವರ ಲೆಕ್ಕದ ಗೋಡೆಯು ತಾನಾಗಿಯೇ ಬೀಳುತ್ತದೆ.

ಆದುದರಿಂದ ಸರ್ಕಾರದವರ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ. ಒಂದನೆಯದಾಗಿ, ಸಣ್ಣ ಗ್ಯಾರೇಜುಗಳ ಸಂಘಗಳಿಗೆ ಕಾಯಿದೆಯ ಮನ್ನಣೆಯನ್ನೂ ಶಿಷ್ಯವೇತನದ ನೆರವನ್ನೂ ದೊರಕಿಸಲು ರಾಜ್ಯವು ಕೇಂದ್ರದೊಡನೆ ವ್ಯವಹರಿಸಬೇಕು. ಎರಡನೆಯದಾಗಿ, ಉದ್ಯಮಗಳ ನೆರವಿನಿಂದ ಸುಮಾರು 4,600 ಕೋಟಿ ರೂಪಾಯಿ ವೆಚ್ಚದಲ್ಲಿ ನವೀಕರಿಸಿ, 2022ರ ಜೂನಿನಲ್ಲಿ ಪ್ರಧಾನಿಯವರು ನಾಡಿಗೆ ಅರ್ಪಿಸಿದ 150 ಐ.ಟಿ.ಐ.ಗಳ ಯಂತ್ರಶಾಲೆಗಳನ್ನು ಸಂಜೆಯ ಹೊತ್ತು ಉಸ್ತಾದರಿಗೂ ಅವರ ಶಿಷ್ಯರಿಗೂ ತೆರೆದಿಡಬೇಕು. ಹಗಲು ದುಡಿದವನು ಸಂಜೆ ಕಲಿಯಲು ಬರುತ್ತಾನೆ, ಬಾಗಿಲು ತೆರೆದಿರಬೇಕಷ್ಟೆ. ಅನುಭವದಿಂದ ಕಲಿತವನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಈಗಾಗಲೇ ಇದೆ. ಅದನ್ನು ಉಸ್ತಾದನ ಬಾಗಿಲಿಗೆ ಒಯ್ಯಬೇಕು. ಮೂರನೆಯದಾಗಿ, ಸರ್ಕಾರಿ ಕಚೇರಿಗಳ ವಾಹನಗಳ ರಿಪೇರಿಯನ್ನು ಖಾಸಗಿಯವರಿಗೆ ಕೊಡುವಾಗ, ಕರಾರಿನ ಮೇಲೆ ಅಪ್ರೆಂಟಿಸರನ್ನಿಟ್ಟು ಕಲಿಸುವವರಿಗೆ ಮೊದಲ ಮನ್ನಣೆ ಸಲ್ಲಬೇಕು. ಇದಕ್ಕೆ ಹೊಸ ಹಣವೂ ಬೇಡ, ಹೊಸ ಇಲಾಖೆಯೂ ಬೇಡ; ಅಧಿಕಾರಿಯ ಒಂದು ಆಜ್ಞೆ ಸಾಕು. ನಾಲ್ಕನೆಯದಾಗಿ, ಕಡ್ಡಾಯದ ಮಿತಿಯೊಳಗಿನ ಸಂಸ್ಥೆಗಳು, ಸರ್ಕಾರದ ನಿಗಮಗಳೂ ಸೇರಿದಂತೆ, ಎಷ್ಟು ಸ್ಥಾನಗಳನ್ನು ತುಂಬಿವೆ, ಎಷ್ಟನ್ನು ಖಾಲಿಯಿಟ್ಟಿವೆ ಎಂಬುದನ್ನು ಜಿಲ್ಲೆವಾರು ಪ್ರತಿವರ್ಷ ಪ್ರಕಟಿಸಬೇಕು. ದಂಡಕ್ಕೆ ಹೆದರದವರು ಲೋಕದ ಕಣ್ಣಿಗೆ ಹೆದರಿಯಾರು.

ಮಗನನ್ನು ಈ ಕಸಬಿಗೆ ಕಳಿಸುವ ತಂದೆತಾಯಿಗಳಿಗೂ ನಾವು ಎರಡು ಮಾತು ಹೇಳಬೇಕಾಗಿದೆ. ಗ್ಯಾರೇಜಿನ ಹೊಸ್ತಿಲನ್ನು ದಾಟುವ ಮೊದಲು ಈ ಪ್ರಶ್ನೆಗಳನ್ನು ಕೇಳಿರಿ. ಕರಾರು ಬರೆಯುತ್ತೀರಾ, ಅದು ದಾಖಲಾಗುವುದೇ? ಹುಡುಗನಿಗೆ ಕಲಿಸುವವರು ಯಾರು, ಆತನ ಹೆಸರೇನು? ಮೊದಲ ಆರು ತಿಂಗಳಲ್ಲಿ ಏನು ಕಲಿಯುತ್ತಾನೆ, ಎರಡನೆಯ ವರ್ಷದಲ್ಲಿ ಏನು? ಜಾಕಿನ ಮೇಲೆ ಎತ್ತಿದ ಕಾರಿನ ಕೆಳಗೆ ತೂರುವ ಮುನ್ನ ಕೊಡುವ ಊರೆಗಟ್ಟು ನಿಮ್ಮಲ್ಲಿದೆಯೇ? ಕೊನೆಗೆ ಪರೀಕ್ಷೆಗೆ ಕೂರಿಸುತ್ತೀರಾ? ಈ ಐದಕ್ಕೆ ಮುಖ ಸಿಂಡರಿಸದೆ ಉತ್ತರ ಕೊಡುವ ಮಾಲೀಕನಲ್ಲಿ ಮಗನನ್ನು ಬಿಡಬಹುದು. ಹದಿನಾಲ್ಕು ತುಂಬದ ಮಗುವನ್ನಂತೂ ಯಾವ ಮಾತಿಗೂ ಮರುಳಾಗಿ ಕಳಿಸಬೇಡಿರಿ; 2016ರ ತಿದ್ದುಪಡಿಯ ಮೇಲೆ ಆ ವಯಸ್ಸಿನ ಮಕ್ಕಳನ್ನು ಇಂಥ ಅಂಗಡಿಗಳಲ್ಲಿ ದುಡಿಸುವುದು ಅಪರಾಧ. ಹೆಣ್ಣುಮಕ್ಕಳಿಗೆ ಈ ಕಸಬು ಸಲ್ಲದೆಂಬುದೂ ಹಳೆಯ ಮಾತಾಯಿತು. ಮಲ್ಟಿಮೀಟರನ್ನು ಹಿಡಿಯಲು ಬೇಕಾದುದು ತೋಳಿನ ಬಲವಲ್ಲ, ಚಿತ್ತದ ಎಚ್ಚರ.

ಶಿಷ್ಯನಾಗಹೊರಟ ತರುಣನಿಗೂ ಕರ್ತವ್ಯಗಳಿವೆ. ಮೊದಲ ದಿನವೇ ಇಂಜಿನ್ನನ್ನು ಬಿಚ್ಚಲು ಸಿಗಲಿಲ್ಲವೆಂದು ಬೇಸರಿಸಬಾರದು. ಭಾಗಗಳನ್ನು ತೊಳೆಯುವುದೂ, ಉಪಕರಣಗಳನ್ನು ಎತ್ತಿದ ಜಾಗದಲ್ಲಿಯೇ ಇಡುವುದೂ, ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲಿ ಜೋಡಿಸುವುದೂ ಈ ವಿದ್ಯೆಯ ಅಕ್ಷರಾಭ್ಯಾಸ. ಬೋಲ್ಟನ್ನು ಕೈಬಲವಿದ್ದಷ್ಟು ಬಿಗಿಯುವುದು ಶೌರ್ಯವಲ್ಲ. ಅತಿಯಾಗಿ ಬಿಗಿದ ಬೋಲ್ಟು ಹಿಗ್ಗಿ ಮುರಿಯುತ್ತದೆ, ಆದುದರಿಂದ ಅಳತೆಯ ಸ್ಪ್ಯಾನರನ್ನು ಹಿಡಿಯುವುದನ್ನು ಕಲಿಯಬೇಕು. ದಿನದ ಕೆಲಸವನ್ನು ರಾತ್ರಿ ಪುಸ್ತಕದಲ್ಲಿ ಬರೆದಿಡುವ ಹುಡುಗನು ಮೂರು ವರ್ಷಕ್ಕೆ ತನ್ನ ಗುರುವಿಗೇ ಉಪಯೋಗವಾಗುವ ಗ್ರಂಥವೊಂದನ್ನು ಸಂಪಾದಿಸಿರುತ್ತಾನೆ.

ಕಾಯಕದ ಮಹಿಮೆಯನ್ನು ಎಂಟುನೂರು ವರ್ಷಗಳ ಹಿಂದೆಯೇ ಸಾರಿದ ನಾಡು ನಮ್ಮದು. ಸಭೆಗಳಲ್ಲಿ ಆ ಮಾತನ್ನು ನಾವು ಹೆಮ್ಮೆಯಿಂದ ಆಡುತ್ತೇವೆ. ಸಭೆ ಮುಗಿದ ಮೇಲೆ ಕೈಗೆ ಎಣ್ಣೆ ಹತ್ತಿದವನನ್ನು ಹೆಸರು ಹಿಡಿದು ಕರೆಯದೆ ‘ಏ ಹುಡುಗ’ ಎನ್ನುತ್ತೇವೆ. ಅವನಿಗೊಂದು ಹೆಸರಿದೆ. ಆ ಹೆಸರು ಒಂದು ಕರಾರಿನ ಮೇಲೆ ಬರೆಯಲ್ಪಡಲಿ, ಒಂದು ಹಾಜರಿ ಪುಸ್ತಕದಲ್ಲಿ ಇರಲಿ, ಕೊನೆಗೆ ಒಂದು ಪ್ರಮಾಣಪತ್ರದ ಮೇಲೆ ಅಚ್ಚಾಗಲಿ. ಇಷ್ಟನ್ನು ಮಾಡಲು ಬೇಕಾದ ಕಾನೂನಿನ ಬಹುಭಾಗವು ಅರವತ್ತು ವರ್ಷಗಳಿಂದ ನಮ್ಮ ಕೈಯಲ್ಲಿದೆ. ಉಳಿದ ಅಲ್ಪಭಾಗವನ್ನು ಸೇರಿಸಿ ಅದನ್ನು ತಗಡಿನ ಚಪ್ಪರದ ವರೆಗೆ ಮುಟ್ಟಿಸುವ ಮನಸ್ಸು ಅಧಿಕಾರಸ್ಥರಲ್ಲಿ ಹುಟ್ಟಬೇಕು. ಅದನ್ನು ಹುಟ್ಟಿಸುವುದು, ಪ್ರತಿದಿನವೂ ಆ ಹುಡುಗನ ಕೈಗೆ ತಮ್ಮ ಗಾಡಿಯನ್ನೂ ಪ್ರಾಣವನ್ನೂ ಒಪ್ಪಿಸುತ್ತಿರುವ ನಗರವಾಸಿಗಳ ಕೆಲಸ.